ಇಂದಿರಾಗೆ ಹದಿಮೂರು ವರ್ಷವಾದಾಗ

ಮಕ್ಕಳ ದಿನಾಚರಣೆಯ ಸಂಚಿಕೆಗೆ ಎಲ್ಲರೂ ಒಬ್ಬೊಬ್ಬ ದೊಡ್ಡವರ ಜೀವನ ಚರಿತ್ರೆ ಬರೆಯಬೇಕು ಅಂತ ಮೇಷ್ಟ್ರು ಹೇಳಿದಾಗ ನಮ್ಮ ತರಗತಿಯಲ್ಲಿ ಒಂಬತ್ತು ಜನ ನೆಹರೂ ಅಂತ ಹೆಸರು ಕೊಟ್ಟರು. ನಾನೂ ಅವರಲ್ಲಿ ಒಬ್ಬಳು. ಮೇಷ್ಟ್ರು ಪಿರಿಯಾಪಟ್ಟಣದ ಗ್ರಂಥಾಲಯದಿಂದ ಎರಡು ಹಳೇ ಪುಸ್ತಕ ತಂದುಕೊಟ್ಟರು. ಓದುತ್ತಾ ಓದುತ್ತಾ ನಾನು ನೆಹರೂ ಅವರನ್ನು ಬಿಟ್ಟು ಅವರ ಮಗಳ ಹಿಂದೆ ಹೊರಟುಹೋದೆ. ನೆಹರೂ ಒಂಬತ್ತು ಸಲ ಜೈಲಿಗೆ ಹೋದರು, ಎಲ್ಲಾ ಸೇರಿಸಿದರೆ ಸುಮಾರು ಒಂಬತ್ತು ವರ್ಷ ಆಗುತ್ತದೆ ಅಂತ ಪ್ರತಿ ವರ್ಷ ಭಾಷಣದಲ್ಲಿ ಹೇಳುತ್ತೇವೆ. ಆ ಒಂಬತ್ತು ವರ್ಷ ಅವರ ಮಗಳು ಯಾವ ಸ್ಕೂಲಿನಲ್ಲಿದ್ದಳು, ಅವಳ ಜೊತೆ ಯಾರಿದ್ದರು ಅಂತ ಭಾಷಣದಲ್ಲಿ ಬರುವುದಿಲ್ಲ. ನನಗೆ ಅದೇ ಬೇಕಾಗಿತ್ತು. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಒಂದು ಮಾತು. ಇಂದಿರಾ ಗಾಂಧಿ ಪ್ರಧಾನಮಂತ್ರಿ ಆಗಿದ್ದವರು, ಅವರು ಅಂತಲೇ ಬರೆಯಬೇಕು. ಆದರೆ ನಾನು ಬರೆಯುವುದು ಹೆಚ್ಚಾಗಿ ಅವರು ನನ್ನಷ್ಟೇ ಇದ್ದಾಗಿನ ವಿಷಯ. ಅದಕ್ಕೆ ಚಿಕ್ಕವಳಾಗಿ ಇರುವ ತನಕ ಅವಳು ಅಂತ ಬರೆಯುತ್ತೇನೆ. ಗುರುಗಳು ತಪ್ಪು ತಿಳಿಯಬಾರದು.

ಇಂದಿರಾ ಪ್ರಿಯದರ್ಶಿನಿ ಹುಟ್ಟಿದ್ದು 1917ನೇ ಇಸವಿ ನವೆಂಬರ್ 19ರಂದು, ಅಲಹಾಬಾದಿನಲ್ಲಿ. ತಂದೆ ಜವಾಹರಲಾಲ್, ತಾಯಿ ಕಮಲಾ. ತಾತ ಮೋತಿಲಾಲ್ ನೆಹರೂ ಬಹಳ ದೊಡ್ಡ ವಕೀಲರು. ಮನೆಯ ಹೆಸರು ಆನಂದ ಭವನ. ಅಕ್ಕ ತಂಗಿ ಅಣ್ಣ ತಮ್ಮ ಯಾರೂ ಇಲ್ಲ, ಒಬ್ಬಳೇ ಮಗಳು. ಒಬ್ಬ ತಮ್ಮ ಹುಟ್ಟಿದ್ದ, ಆದರೆ ಕೆಲವೇ ದಿನಕ್ಕೆ ತೀರಿಕೊಂಡ.

1921ರ ಡಿಸೆಂಬರಿನಲ್ಲಿ ಪೊಲೀಸರು ಬಂದು ತಾತನನ್ನೂ ಅಪ್ಪನನ್ನೂ ಒಂದೇ ದಿನ ಹಿಡಿದುಕೊಂಡು ಹೋದರು. ಆಗ ಅವಳಿಗೆ ನಾಲ್ಕು ವರ್ಷ. ತಾತನ ವಿಚಾರಣೆ ನಡೆಯುವಾಗ ಅವಳು ಕೋರ್ಟಿನಲ್ಲಿ ತಾತನ ತೊಡೆಯ ಮೇಲೆ ಕೂತಿದ್ದಳಂತೆ. ಇಬ್ಬರಿಗೂ ಆರಾರು ತಿಂಗಳ ಶಿಕ್ಷೆ ಆಯಿತು. ಜೊತೆಗೆ ದಂಡ ಹಾಕಿದ್ದರು. ದಂಡ ಕಟ್ಟುವುದಿಲ್ಲ ಅಂತ ಕಾಂಗ್ರೆಸ್ಸಿನವರು ತೀರ್ಮಾನ ಮಾಡಿದ್ದರಿಂದ ಪೊಲೀಸರು ಆಗಾಗ ಬಂದು ಮನೆಯ ಕುರ್ಚಿ, ಮೇಜು, ರತ್ನಗಂಬಳಿ ಎಲ್ಲಾ ಹೊತ್ತುಕೊಂಡು ಹೋಗುತ್ತಿದ್ದರು. ಇಂದಿರಾಗೆ ಅದನ್ನು ನೋಡಿ ಬಹಳ ಸಿಟ್ಟು ಬರುತ್ತಿತ್ತು, ಪೊಲೀಸರ ಮೇಲೆ ಕೂಗಾಡುತ್ತಿದ್ದಳು. ನಾಲ್ಕು ವರ್ಷದ ಮಗುವಿಗೆ ಸ್ವಾತಂತ್ರ್ಯ ಹೋರಾಟ ಏನು ಗೊತ್ತು? ನಮ್ಮ ಮನೆ ಸಾಮಾನು ಯಾಕೆ ತಗೊಂಡು ಹೋಗುತ್ತೀರಿ ಅನ್ನುವುದಷ್ಟೇ ಗೊತ್ತು.

ಅವಳ ಸ್ಕೂಲುಗಳನ್ನು ಪಟ್ಟಿ ಮಾಡಲು ಹೋಗಿ ನನಗೆ ತಲೆ ಕೆಟ್ಟಿತು. ಅಲಹಾಬಾದಿನಲ್ಲಿ ಇಂಗ್ಲಿಷಿನವರು ನಡೆಸುವ ಸ್ಕೂಲಿಗೆ ತಾತ ಸೇರಿಸಿದರು. ವಿದೇಶಿ ವಸ್ತು ಬೇಡ ಅನ್ನುವ ನಾವೇ ಮಗಳನ್ನು ಅಲ್ಲಿಗೆ ಕಳಿಸುವುದಾ ಅಂತ ಅಪ್ಪ ಬೇಡ ಅಂದರು. ಬಿಡಿಸಿ ಮನೆಯಲ್ಲೇ ಪಾಠ ಹೇಳಿಸಿದರು. 1926ರಲ್ಲಿ ತಾಯಿಗೆ ಕ್ಷಯ ಅಂತ ಯೂರೋಪಿಗೆ ಹೋದಾಗ ಅಲ್ಲಿ ಜಿನೀವಾದಲ್ಲಿ ಒಂದು ಸ್ಕೂಲು, ಆಮೇಲೆ ಬೆಟ್ಟದ ಊರಿನಲ್ಲಿ ಇನ್ನೊಂದು. 1927ರ ಕೊನೆಗೆ ವಾಪಸ್ಸು ಬಂದು ಅಲಹಾಬಾದಿನ ಕಾನ್ವೆಂಟು. ನಾವು ಒಂದನೇ ತರಗತಿಯಿಂದ ಇದೇ ಗೋಡೆ, ಇದೇ ಬೇವಿನ ಮರ ನೋಡಿಕೊಂಡು ಬಂದವರು. ಅವಳಿಗೆ ಒಂದು ಕಡೆ ಸ್ನೇಹಿತರಾಗುವಷ್ಟರಲ್ಲಿ ಇನ್ನೊಂದು ಕಡೆ.

1930ರಲ್ಲಿ ಗಾಂಧೀಜಿ ಉಪ್ಪಿನ ಸತ್ಯಾಗ್ರಹ ಶುರು ಮಾಡಿದರು. ನೆಹರೂ ಅವರನ್ನು ಏಪ್ರಿಲ್ 14ರಂದು ಹಿಡಿದರು. ಇಂದಿರಾಗೂ ಕಾಂಗ್ರೆಸ್ ಸೇರುವ ಆಸೆ. ಆದರೆ ವಯಸ್ಸು ಸಾಲದು ಅಂತ ಸೇರಿಸಿಕೊಳ್ಳಲಿಲ್ಲ. ಅದಕ್ಕೆ ಮಕ್ಕಳನ್ನೇ ಸೇರಿಸಿ ವಾನರ ಸೇನೆ ಕಟ್ಟಿದಳು. ಚೀಟಿ ತಲುಪಿಸುವುದು, ಬಾವುಟ ಹೊಲಿಯುವುದು, ಪೆಟ್ಟು ತಿಂದವರಿಗೆ ನೀರು ಕೊಡುವುದು ಇಂಥ ಕೆಲಸ. ಇದು ನಿಮಗೆಲ್ಲ ಗೊತ್ತಿರುವುದೇ, ಅದಕ್ಕೆ ಉದ್ದ ಮಾಡುವುದಿಲ್ಲ.

ಅಕ್ಟೋಬರ್ 11ಕ್ಕೆ ನೆಹರೂ ಬಿಡುಗಡೆಯಾದರು, 19ಕ್ಕೆ ಮತ್ತೆ ಹಿಡಿದರು. ಎಂಟೇ ದಿನ ಹೊರಗಿದ್ದದ್ದು. ಅದೇ ತಿಂಗಳು 26ನೇ ತಾರೀಕು, ಹಿಂದೂ ಪಂಚಾಂಗದ ಪ್ರಕಾರ ಇಂದಿರಾಗೆ ಹದಿಮೂರು ತುಂಬಿದ ದಿನ. ನೈನಿ ಜೈಲಿನಲ್ಲಿ ಕೂತ ಅಪ್ಪ ಏನು ಉಡುಗೊರೆ ಕೊಡುವುದು? ಅಂಗಡಿಯಿಂದ ಕೊಂಡು ಕಳಿಸುವ ಹಾಗಿಲ್ಲ. ಒಂದು ಕಾಗದ ಬರೆದರು. ಅಲ್ಲಿಂದ ಶುರುವಾಗಿ 1933ರ ಆಗಸ್ಟ್ ತನಕ ಬೇರೆ ಬೇರೆ ಜೈಲುಗಳಿಂದ ಪ್ರಪಂಚದ ಚರಿತ್ರೆಯನ್ನೆಲ್ಲ ಮಗಳಿಗೆ ಕಾಗದದ ರೂಪದಲ್ಲಿ ಬರೆದರು. ಒಟ್ಟು 196 ಕಾಗದ. ಪುಸ್ತಕ ನೋಡಿಕೊಂಡು ಬರೆಯಲು ಅಲ್ಲಿ ಗ್ರಂಥಾಲಯ ಇರಲಿಲ್ಲ, ಹಿಂದೆ ಓದಿ ಮಾಡಿಕೊಂಡ ಟಿಪ್ಪಣಿ ಮತ್ತು ನೆನಪು ಅಷ್ಟೇ. 1934ರಲ್ಲಿ ಅದು ದೊಡ್ಡ ಪುಸ್ತಕವಾಗಿ ಬಂತು. (1928ರಲ್ಲಿ ಇಂದಿರಾ ಮಸ್ಸೂರಿಯಲ್ಲಿದ್ದಾಗ ಬರೆದ ಮೂವತ್ತು ಕಾಗದಗಳು ಬೇರೆ, ಅವು ಜೈಲಿನಿಂದ ಬರೆದವಲ್ಲ. ಇಬ್ಬರು ಹುಡುಗರು ಎರಡನ್ನೂ ಸೇರಿಸಿ ಬರೆದಿದ್ದಾರೆ, ತಿದ್ದಿಕೊಳ್ಳಲಿ.)

ನನಗೆ ಮೊದಲು ಅನ್ನಿಸಿದ್ದು ಎಷ್ಟು ಅದೃಷ್ಟವಂತೆ ಅಂತ. ಆಮೇಲೆ ಗೊತ್ತಾಯಿತು, ಆ ಕಾಗದಗಳಲ್ಲಿ ಎಷ್ಟೋ ಆಗಲೇ ಅವಳ ಕೈ ಸೇರಲೇ ಇಲ್ಲ. ಜೈಲಿನಿಂದ ಮನಸ್ಸು ಬಂದಷ್ಟು ಕಾಗದ ಕಳಿಸಲು ಬಿಡುವುದಿಲ್ಲ, ಲೆಕ್ಕ ಇರುತ್ತದೆ. ಅಪ್ಪ ಬರೆದು ಬರೆದು ಒಟ್ಟಿಕೊಳ್ಳುತ್ತಿದ್ದರು. ಮಗಳು ದೂರದಲ್ಲಿ ಬೇರೆ ಯಾರದೋ ಪುಸ್ತಕ ಓದುತ್ತಿದ್ದಳು.

ಆ ಹುಟ್ಟುಹಬ್ಬದ ಕಾಗದದಲ್ಲಿ ಒಂದು ವಿಷಯ ಇದೆ. ಯಾವುದಾದರೂ ಕೆಲಸ ಸರಿಯೋ ತಪ್ಪೋ ಗೊತ್ತಾಗದಿದ್ದರೆ, ಅದನ್ನು ಮುಚ್ಚಿಡಬೇಕು ಅನ್ನಿಸುತ್ತಿದೆಯಾ ಅಂತ ನೋಡಿಕೋ, ಮುಚ್ಚಿಡಬೇಕು ಅನ್ನಿಸಿದರೆ ಅದರಲ್ಲಿ ಭಯ ಇದೆ ಅಂತ ಅರ್ಥ, ಗುಟ್ಟಾಗಿ ಏನೂ ಮಾಡಬೇಡ ಅನ್ನುವ ಅರ್ಥದ ಮಾತು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಕೂತೆ.

ಯಾಕೆಂದರೆ ಜೂನ್ ತಿಂಗಳಲ್ಲಿ ಹೊಸದಾಗಿ ಬಂದ ಮೇಡಂ ಎಲ್ಲರ ತಂದೆ ಏನು ಕೆಲಸ ಮಾಡುತ್ತಾರೆ ಅಂತ ಕೇಳಿದಾಗ, ನಮ್ಮಪ್ಪ ಕೊಡಗಿನಲ್ಲಿ ಕಾಫಿ ತೋಟಕ್ಕೆ ಹೋಗಿದ್ದಾರೆ ಅಂತ ಹೇಳಿದ್ದೆ. ನಮ್ಮ ಊರಿನವರು ಬಹಳ ಜನ ತೋಟದ ಕೆಲಸಕ್ಕೆ ಹೋಗುವುದರಿಂದ ಮೇಡಂ ನಂಬಿದರು. ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ, ಹಿಂದಿನ ಬೆಂಚಿನಲ್ಲಿ ಮಾತ್ರ ನಕ್ಕರು. ನಮ್ಮಪ್ಪ ತೋಟದಲ್ಲಿ ಇಲ್ಲ. ಬದುವಿನ ಜಗಳದಲ್ಲಿ ಹೊಡೆದಾಟ ಆಗಿ ಜೈಲಿನಲ್ಲಿ ಇದ್ದಾರೆ. ಕೇಸು ಕೋರ್ಟಿನಲ್ಲಿದೆ, ಅದರ ವಿಷಯ ನಾನು ಬರೆಯುವುದಿಲ್ಲ. ನೆಹರೂ ದೇಶಕ್ಕಾಗಿ ಹೋದರು, ನಮ್ಮಪ್ಪ ಒಂದು ಗೇಣು ಬದುವಿಗಾಗಿ ಹೋದರು. ಎರಡೂ ಒಂದೇ ಅಲ್ಲ ಅಂತ ನನಗೆ ಗೊತ್ತು, ಯಾರೂ ಬಂದು ಹೇಳಬೇಕಾಗಿಲ್ಲ. ಇಂದಿರಾಳ ಅಪ್ಪ ಜೈಲಿಗೆ ಹೋಗುವಾಗ ಜನ ಜೈಕಾರ ಹಾಕುತ್ತಿದ್ದರು. ನಮ್ಮಪ್ಪನನ್ನು ಜೀಪಿಗೆ ಹತ್ತಿಸುವಾಗ ಜನ ಬಾಗಿಲು ಹಾಕಿಕೊಂಡರು.

ಈಗ ಇಂದಿರಾಳ ಕಥೆಗೆ ವಾಪಸ್ಸು ಬರುತ್ತೇನೆ. 1931ರ ಜನವರಿ 1, ಹೊಸ ವರ್ಷದ ದಿನವೇ ತಾಯಿ ಕಮಲಾ ಅವರನ್ನೂ ಹಿಡಿದರು. ಅಪ್ಪ ನೈನಿಯಲ್ಲಿ, ಅಮ್ಮ ಬೇರೆ ಜೈಲಿನಲ್ಲಿ, ತಾತನಿಗೆ ಕಾಯಿಲೆ. ತಾತ ಉಳಿಯುವುದಿಲ್ಲ ಅಂತ ಆದಾಗ 26ನೇ ತಾರೀಕು ಇಬ್ಬರನ್ನೂ ಬಿಟ್ಟರು. ಫೆಬ್ರವರಿ 6ಕ್ಕೆ ಮೋತಿಲಾಲ್ ತೀರಿಕೊಂಡರು.

ದಣಿದಿದ್ದ ನೆಹರೂ ವಿಶ್ರಾಂತಿಗೆ ಅಂತ ಹೆಂಡತಿ ಮಗಳನ್ನು ಕರೆದುಕೊಂಡು ಸಿಲೋನಿಗೆ ಹೋದರು. ಬರುವಾಗ ತಿರುವಾಂಕೂರು, ಕೊಚ್ಚಿ, ಮಲಬಾರು ಎಲ್ಲಾ ನೋಡಿಕೊಂಡು ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದಿದ್ದರು! ಇದನ್ನು ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ ಅಡಿಗೆಮನೆಗೆ ಓಡಿಹೋಗಿ ಅಜ್ಜಿಗೆ ಹೇಳಿದೆ. ಬೆಂಗಳೂರಿನ ಒಂದು ಸಭೆಯಲ್ಲಿ ನೆಹರೂ ಬಹಳ ದೊಡ್ಡ ಕಬ್ಬಿಣದ ಕಂಬಕ್ಕೆ ರಾಷ್ಟ್ರಧ್ವಜ ಏರಿಸಿದರು. ಅವರು ಹೋದ ಸ್ವಲ್ಪ ದಿನಕ್ಕೆ ಆ ಕಂಬವನ್ನು ಮುರಿದು ಚೂರು ಮಾಡಿದರು, ಮತ್ತು ಧ್ವಜ ತೋರಿಸುವುದೇ ಅಪರಾಧ ಅಂತ ಮೈಸೂರು ಸರ್ಕಾರ ಆಜ್ಞೆ ಮಾಡಿತು. ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದು, ಯಾರೂ ಜೈಲಿನಲ್ಲಿ ಇಲ್ಲದೆ ಅವಳು ಹೀಗೆ ಊರೂರು ಸುತ್ತಿದ್ದು ಆ ಕೆಲವು ವಾರ. ಆಗ ಅವಳಿಗೆ ಹದಿಮೂರು.

ಆಮೇಲೆ ಅವಳನ್ನು ಪುಣೆಯಲ್ಲಿ ವಕೀಲ್ ಅನ್ನುವ ಗಂಡ ಹೆಂಡತಿ ನಡೆಸುತ್ತಿದ್ದ ಚಿಕ್ಕ ಶಾಲೆಗೆ ಸೇರಿಸಿದರು. ಅಲ್ಲೇ ಊಟ, ಅಲ್ಲೇ ವಾಸ. ಅಲ್ಲಿ ಇದ್ದವರೆಲ್ಲ ಹೆಚ್ಚಾಗಿ ಚಿಕ್ಕ ಮಕ್ಕಳು, ಇವಳೇ ದೊಡ್ಡವಳು. ಅದೇ ವರ್ಷ ಡಿಸೆಂಬರ್ 26ಕ್ಕೆ ಅಪ್ಪ ಮತ್ತೆ ಜೈಲಿಗೆ, ಈ ಸಲ ಎರಡು ವರ್ಷದ ಶಿಕ್ಷೆ. ಮುಂದಿನ ತಿಂಗಳು ಇಬ್ಬರು ಸೋದರತ್ತೆಯರನ್ನೂ ಹಿಡಿದರು. ಅತ್ತೆ ವಿಜಯಲಕ್ಷ್ಮಿ ಪಂಡಿತ್ ಅವರ ಮೂರು ಹೆಣ್ಣು ಮಕ್ಕಳು ಇದೇ ಶಾಲೆಗೆ ಬಂದು ಸೇರಿದರು, ಅದರಲ್ಲಿ ಕೊನೆಯದು ಇನ್ನೂ ಕೈಗೂಸು ಬಿಟ್ಟ ಮಗು. ಇಂದಿರಾ ಅವರಿಗೆ ಅಕ್ಕ. ತನ್ನ ಮನೆಯ ನೆನಪಿಗೆ ತಾನು ಅಳಬೇಕಾದ ಹೊತ್ತಿನಲ್ಲಿ ಆ ಮಕ್ಕಳನ್ನು ಸಮಾಧಾನ ಮಾಡಬೇಕು. ನನಗೂ ಒಬ್ಬ ತಮ್ಮ ಇದ್ದಾನೆ, ಎರಡನೇ ತರಗತಿ. ಅಪ್ಪ ಯಾವಾಗ ಬರುತ್ತಾರೆ ಅಂತ ರಾತ್ರಿ ಮಲಗುವಾಗಲೇ ಕೇಳುತ್ತಾನೆ, ಬೆಳಗ್ಗೆ ಕೇಳುವುದಿಲ್ಲ.

1932ರ ಏಪ್ರಿಲಿನಲ್ಲಿ ಅಲಹಾಬಾದಿನ ಮೆರವಣಿಗೆಯಲ್ಲಿ ಅವಳ ಅಜ್ಜಿ ಸ್ವರೂಪರಾಣಿಗೆ ಲಾಠಿ ಏಟು ಬಿತ್ತು, ತಲೆಯಿಂದ ರಕ್ತ ಸುರಿದು ರಸ್ತೆಯಲ್ಲೇ ಬಿದ್ದಿದ್ದರು. ಅದೇ ಸಮಯದಲ್ಲಿ ಅಜ್ಜಿ ಮತ್ತು ತಾಯಿ ಅಳಿಯನನ್ನು ನೋಡಲು ಅಲಹಾಬಾದಿನ ಜೈಲಿಗೆ ಹೋದಾಗ ಅಲ್ಲಿಯ ಜೈಲರ್ ಅವಮಾನ ಮಾಡಿ ಹೊರಗೆ ಕಳಿಸಿದ. ಇದು ನೆಹರೂ ಅವರಿಗೆ ಗೊತ್ತಾಗಿ, ತನ್ನನ್ನು ನೋಡಲು ಬಂದೂ ಅವರಿಗೆ ಹೀಗೇ ಆಗಬಾರದು ಅಂತ ಭೇಟಿಯನ್ನೇ ನಿಲ್ಲಿಸಿಬಿಟ್ಟರು. ಡೆಹರಾಡೂನ್ ಜೈಲಿನಲ್ಲಿ ಸುಮಾರು ಏಳು ತಿಂಗಳು ಮನೆಯವರ ಮುಖ ನೋಡಲಿಲ್ಲ. ಮಾನಕ್ಕಾಗಿ ಮಾಡಿದ್ದು ನಿಜ. ಆದರೆ ನನಗೆ ಅವರ ಮೇಲೆ ಸ್ವಲ್ಪ ಸಿಟ್ಟು ಬಂತು. ಭೇಟಿ ಬೇಡ ಅಂತ ಒಳಗಿರುವವರು ಸುಲಭವಾಗಿ ಹೇಳಬಹುದು. ಹೊರಗೆ ದಿನ ಎಣಿಸುವವರನ್ನು ಕೇಳಬೇಕಲ್ಲ?

ನಾವು ತಿಂಗಳಿಗೆ ಒಂದು ಸಲ ಮೈಸೂರಿಗೆ ಹೋಗುತ್ತೇವೆ. ಬೆಳಗಿನ ಮೊದಲನೇ ಬಸ್ಸು, ಹುಣಸೂರಿನಲ್ಲಿ ಅರ್ಧ ಬಸ್ಸು ಇಳಿದಾಗ ಸೀಟು ಸಿಗುತ್ತದೆ. ಚೀಟಿ ಬರೆಸಿ, ಆಧಾರ್ ಕಾರ್ಡು ತೋರಿಸಿ, ಕಾದು ಕಾದು ಮಾತಾಡುವುದು ಸ್ವಲ್ಪ ಹೊತ್ತು. ಅವ್ವ ಕೇಸು, ಸಾಲ, ಹೊಗೆಸೊಪ್ಪು ಎಲ್ಲಾ ಹೇಳುವಷ್ಟರಲ್ಲಿ ಸಮಯ ಮುಗಿಯುತ್ತದೆ. ನನ್ನ ಪಾಲಿಗೆ ಚೆನ್ನಾಗಿ ಓದು ಅನ್ನುವುದು ಮಾತ್ರ ಬರುತ್ತದೆ. ಬರುವಾಗ ಇಂದಿರಾ ಕ್ಯಾಂಟೀನಿನಲ್ಲಿ ತಿಂದುಕೊಂಡು ಬಸ್ಸು ಹತ್ತುತ್ತೇವೆ. ಆ ಬೋರ್ಡಿನ ಮೇಲೆ ಇರುವ ಹೆಸರಿನವಳೂ ಹೀಗೇ ಜೈಲಿನ ಬಾಗಿಲಲ್ಲಿ ಕಾದಿದ್ದಳು ಅಂತ ನನಗೆ ಆಗ ಗೊತ್ತಿರಲಿಲ್ಲ. ಈ ವರ್ಷ ನಾನು ಒಂದು ಕಿರುಪರೀಕ್ಷೆ ತಪ್ಪಿಸಿಕೊಂಡಿದ್ದು ಮೈಸೂರಿಗೆ ಹೋಗಿದ್ದರಿಂದ. ಆಗಸ್ಟಿನಲ್ಲಿ ಹನ್ನೊಂದು ದಿನ ರಜೆ ಹಾಕಿದ್ದು ಹೊಗೆಸೊಪ್ಪು ಕಡ್ಡಿಗೆ ಕಟ್ಟಲು, ಬ್ಯಾರನ್ ಹತ್ತಿರ ಅವ್ವ ಒಬ್ಬಳೇ ಆಗುತ್ತಾಳೆ ಅಂತ. ಜ್ವರ ಅಂತ ರಜಾ ಚೀಟಿ ಬರೆದಿದ್ದೆ. ಮೇಷ್ಟ್ರೇ, ಅದು ಜ್ವರ ಅಲ್ಲ.

ಪುಣೆಯಲ್ಲಿದ್ದಾಗ ಯರವಾಡ ಜೈಲಿನಲ್ಲಿ ಗಾಂಧೀಜಿ 1932ರ ಸೆಪ್ಟೆಂಬರಿನಲ್ಲಿ ಉಪವಾಸ ಕೂತರು. ಇಂದಿರಾ ಅಲ್ಲಿಗೆ ಹೋಗಿ ಅವರನ್ನು ನೋಡಿ ಬಂದಳು. ಅಪ್ಪನನ್ನು ನೋಡಲಾಗದ ವರ್ಷ ಬಾಪುವನ್ನು ನೋಡಿದ್ದು, ಅದೂ ಜೈಲಿನಲ್ಲೇ. 1933ರ ಆಗಸ್ಟ್ ಕೊನೆಗೆ ನೆಹರೂ ಬಿಡುಗಡೆ, 1934ರ ಫೆಬ್ರವರಿಯಲ್ಲಿ ಮತ್ತೆ ಒಳಗೆ. ಆ ವರ್ಷವೇ ಅವಳ ಮೆಟ್ರಿಕ್ ಪರೀಕ್ಷೆ. ಅಪ್ಪ ಜೈಲು, ಅಮ್ಮ ಹಾಸಿಗೆ, ಆದರೂ ಪಾಸಾದಳು. ನನಗೆ ಅವಳು ಪ್ರಧಾನಿ ಆಗಿದ್ದಕ್ಕಿಂತ ಇದು ದೊಡ್ಡದು ಅನ್ನಿಸುತ್ತದೆ. ಜುಲೈನಲ್ಲಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನಕ್ಕೆ ಸೇರಿದಳು. ಅಲ್ಲಿ ಮರದ ಕೆಳಗೆ ಪಾಠ, ಚಿತ್ರ, ನೃತ್ಯ. ಮನಸ್ಸಿಗೆ ನೆಮ್ಮದಿ ಸಿಕ್ಕಿದ ಜಾಗ. ಅದೂ ಒಂದು ವರ್ಷ ತುಂಬಲಿಲ್ಲ. ತಾಯಿಗೆ ಕಾಯಿಲೆ ಜಾಸ್ತಿಯಾಗಿ 1935ರಲ್ಲಿ ಬಿಟ್ಟು ಯೂರೋಪಿಗೆ ಹೋಗಬೇಕಾಯಿತು. ಆಗಲೂ ಅಪ್ಪ ಅಲ್ಮೋರಾ ಜೈಲಿನಲ್ಲಿ. ಸೆಪ್ಟೆಂಬರಿನಲ್ಲಿ ಅವರನ್ನು ಬಿಟ್ಟ ಮೇಲೆ ಹೆಂಡತಿಯ ಹತ್ತಿರ ಹೋದರು. 1936ರ ಫೆಬ್ರವರಿ 28ರಂದು ಸ್ವಿಟ್ಜರ್ಲೆಂಡಿನಲ್ಲಿ ಕಮಲಾ ತೀರಿಕೊಂಡರು. ಇಂದಿರಾಗೆ ಹದಿನೆಂಟು.

ಮುಂದೆ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಸೇರಿದರೂ ಲ್ಯಾಟಿನ್ ಭಾಷೆಯಲ್ಲಿ ಫೇಲಾದಳು, ಕಾಯಿಲೆಯೂ ಬಂತು, ಡಿಗ್ರಿ ಮುಗಿಸಲಿಲ್ಲ. 1941ರಲ್ಲಿ ವಾಪಸ್ಸು ಬಂದಳು. 1942ರ ಮಾರ್ಚ್ 26ರಂದು ಫಿರೋಜ್ ಗಾಂಧಿಯವರ ಜೊತೆ ಮದುವೆ. ಉಟ್ಟಿದ್ದ ಸೀರೆ ಅಪ್ಪ ಜೈಲಿನಲ್ಲಿ ಕೂತು ತೆಗೆದ ನೂಲಿನದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವಳನ್ನೇ ಹಿಡಿದು ನೈನಿ ಜೈಲಿಗೆ ಹಾಕಿದರು, 1943ರ ಮೇ ತನಕ ಇದ್ದಳು. ಹದಿಮೂರನೇ ಹುಟ್ಟುಹಬ್ಬದ ಕಾಗದ ಬಂದದ್ದು ಅದೇ ನೈನಿ ಜೈಲಿನಿಂದ.

ಇನ್ನು ಅವರು ಅಂತ ಬರೆಯುತ್ತೇನೆ. 1966ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಪ್ರಧಾನಮಂತ್ರಿ ಆದರು. ಬ್ಯಾಂಕು ರಾಷ್ಟ್ರೀಕರಣ, 1971ರ ಯುದ್ಧ, ಬಾಂಗ್ಲಾದೇಶ ಇವೆಲ್ಲ ಸಮಾಜ ಪುಸ್ತಕದಲ್ಲಿ ಇದೆ. ನಮ್ಮ ಅಜ್ಜಿ ಈಗಲೂ ಇಂದಿರಮ್ಮ ಅಂತಲೇ ಹೇಳುವುದು, ಸ್ವಂತ ನೆಂಟರ ಹಾಗೆ.

ಆದರೆ ಒಂದು ವಿಷಯ ಬರೆಯದೆ ಬಿಡಲು ನನಗೆ ಆಗಲಿಲ್ಲ. ಬರೆಯಲಾ ಅಂತ ಮೇಷ್ಟ್ರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಜ ಆದರೆ ಬರಿ ಅಂದರು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. 1977ರ ಮಾರ್ಚ್ ತನಕ ಇತ್ತು. ಆ ಕಾಲದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿದು ಜೈಲಿಗೆ ಹಾಕಿದರು, ಎಷ್ಟೋ ಜನಕ್ಕೆ ವಿಚಾರಣೆಯೇ ಇಲ್ಲ. ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಸಂಸ್ಕಾರ ಸಿನಿಮಾದಲ್ಲಿ ಚಂದ್ರಿ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನೂ 1976ರಲ್ಲಿ ಅಲ್ಲೇ ಇಟ್ಟರು. ಅವರಿಗೆ ಉಬ್ಬಸ. ಖಾಯಿಲೆ ವಿಪರೀತ ಆದ ಮೇಲೆ 1977ರ ಜನವರಿಯಲ್ಲಿ ಬಿಟ್ಟರು, ಅದೇ ತಿಂಗಳು ತೀರಿಕೊಂಡರು. ಅವರಿಗೂ ಮಕ್ಕಳಿದ್ದರು. ಆ ಒಂದು ಲಕ್ಷ ಜನರ ಮನೆಯಲ್ಲಿ ಏಳನೇ ತರಗತಿ ಓದುವವರು ಎಷ್ಟು ಜನ ಇದ್ದರೋ! ಅಪ್ಪ ಇಲ್ಲದ ಹುಟ್ಟುಹಬ್ಬ ಹೇಗಿರುತ್ತದೆ ಅಂತ ಈ ದೇಶದಲ್ಲಿ ಇಂದಿರಾ ಗಾಂಧಿಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವರೇ ಹೀಗೆ ಮಾಡಿದ್ದು ಯಾಕೆ ಅಂತ ಎರಡು ಪುಸ್ತಕದಲ್ಲೂ ಹುಡುಕಿದೆ. ರಾಜಕೀಯದ ಕಾರಣ ಇದೆ, ನಾನು ಕೇಳಿದ್ದಕ್ಕೆ ಉತ್ತರ ಇಲ್ಲ.

1977ರ ಚುನಾವಣೆಯಲ್ಲಿ ಅವರು ಸೋತರು. 1978ರ ನವೆಂಬರಿನಲ್ಲಿ ನಮ್ಮ ರಾಜ್ಯದ ಚಿಕ್ಕಮಗಳೂರಿನಿಂದ ನಿಂತು ವೀರೇಂದ್ರ ಪಾಟೀಲರ ಮೇಲೆ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆಗ ಮುಖ್ಯಮಂತ್ರಿ ನಮ್ಮ ಪಕ್ಕದ ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸು. ಗೆದ್ದ ಮುಂದಿನ ತಿಂಗಳೇ ಲೋಕಸಭೆಯವರು ಅವರನ್ನು ಸದಸ್ಯತ್ವದಿಂದ ತೆಗೆದು ತಿಹಾರ್ ಜೈಲಿಗೆ ಕಳಿಸಿದರು, ಒಂದು ವಾರ ಇದ್ದರು. 1980ರಲ್ಲಿ ಮತ್ತೆ ಪ್ರಧಾನಿ. 1984ರ ಅಕ್ಟೋಬರ್ 31ರಂದು ತಮ್ಮ ಮನೆಯ ಆವರಣದಲ್ಲೇ ಕಾವಲುಗಾರರ ಗುಂಡಿಗೆ ಸತ್ತರು.

ನನ್ನ ಕಥೆಯಲ್ಲಿ ಇನ್ನೊಂದು ಇದೆ. ನಮ್ಮಪ್ಪನ ಜಗಳದಲ್ಲಿ ಪೆಟ್ಟು ತಿಂದವರು ನಮ್ಮ ದಾಯಾದಿಗಳೇ, ಅವರ ಮಗನೂ ಇದೇ ಶಾಲೆಯಲ್ಲಿ ಓದುತ್ತಾನೆ. ಅವರಪ್ಪನಿಗೆ ಕೈ ಸರಿಯಾಗಿ ಏಳುವುದಿಲ್ಲ. ನಾನು ಮೈಸೂರಿಗೆ ಜೈಲಿಗೆ ಹೋಗುವ ಹಾಗೆ ಅವನು ಆಸ್ಪತ್ರೆಗೆ ಹೋಗುತ್ತಾನೆ. ಹಾಜರಿ ಕೂಗುವಾಗ ಅವನ ಹೆಸರಿಗೂ ಗೈರು. ಬಿಸಿಯೂಟದಲ್ಲಿ ನಾವು ಎದುರುಬದುರು ಸಾಲಿನಲ್ಲಿ ಕೂತರೂ ಮಾತಿಲ್ಲ. ಒಂದು ಸಲ ಒಂದೇ ಬಸ್ಸಿನಲ್ಲಿ ಹೋದೆವು, ಅವನು ಮುಂದೆ, ನಾನು ಹಿಂದೆ. ಹಿಂದಿನ ಬೆಂಚಿನವರು ನನ್ನನ್ನು ಜೈಲು ಅಂತ ಕರೆದಾಗ ಅವನು ಮಾತ್ರ ನಗಲಿಲ್ಲ. ಅದನ್ನು ನಾನು ನೋಡಿದ್ದೇನೆ ಅಂತ ಅವನಿಗೆ ಗೊತ್ತಾಗಲಿ ಅಂತ ಇಲ್ಲಿ ಬರೆದಿದ್ದೇನೆ.

ನಮ್ಮಪ್ಪ ಓದಿದ್ದು ನಾಲ್ಕನೇ ತರಗತಿ. 196 ಕಾಗದ ಬರೆಯಲು ಅವರಿಗೆ ಬರುವುದಿಲ್ಲ. ಈ ವರ್ಷ ಎರಡು ಬಂದಿವೆ, ದೊಡ್ಡ ದೊಡ್ಡ ಅಕ್ಷರ, ಸಾಲು ಮೇಲಕ್ಕೆ ಹತ್ತಿಹೋಗಿದೆ. ಹಸು ಕರು ಹಾಕಿತಾ, ಹೊಗೆಸೊಪ್ಪು ಎಷ್ಟಕ್ಕೆ ಹೋಯಿತು, ತಮ್ಮ ಸ್ಕೂಲಿಗೆ ಹೋಗುತ್ತಾನಾ ಅಂತ ಕೇಳಿದ್ದಾರೆ. ಕರು ಹಾಕಿದೆ, ಹೆಣ್ಣು ಕರು. ಸೊಪ್ಪು ಇನ್ನೂ ಹರಾಜಿಗೆ ಹೋಗಿಲ್ಲ. ಮುಂದಿನ ತಿಂಗಳು ಈ ಪತ್ರಿಕೆ ಗೋಡೆಯಿಂದ ಇಳಿಸುವಾಗ ನನ್ನ ಹಾಳೆಗಳನ್ನು ಹರಿಯದೆ ನನಗೆ ಕೊಡಬೇಕು ಅಂತ ಮೇಷ್ಟ್ರಿಗೆ ಹೇಳಿದ್ದೇನೆ. ಅಪ್ಪನಿಗೆ ಕಳಿಸಬೇಕು. ಅಂಟು ಜಾಸ್ತಿ ಹಾಕಬೇಡಿ.